ತೊಳೆಯದ ನಾರಿನ ಪುಡಿ

ಅದ್ಲಿಯಾ, ಬಹರೈನ್
12 ನವೆಂಬರ್ 2023

ಪ್ರೀತಿಯ ಕಾಂತಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ಹೂರಾದಲ್ಲಿ ಸ್ಯಾವಿಯೊ ಜೊತೆಗಿದ್ದ ರೂಮು ಬಿಟ್ಟು ಅದ್ಲಿಯಾದ ಒಂದು ವಿಲ್ಲಾಕ್ಕೆ ಬಂದಿದ್ದೇನೆ. ಏಸಿ ರಿಪೇರಿ ಕೆಲಸ ಸದ್ಯಕ್ಕೆ ಇಲ್ಲ. ನಮ್ಮ ಕಂಪನಿ ನಡೆಸುವ ದೇಜಪ್ಪಣ್ಣ ಹೊಸ ಕೆಲಸ ಕೊಟ್ಟಿದ್ದಾರೆ. ಮನೆಯೊಳಗೆ ದೀಪ ಹಾಕಿ ಟೊಮೆಟೊ ಬೆಳೆಸುವುದು.

ಗಿಡಗಳು ಮೇಲೇಳುತ್ತಿಲ್ಲ. ಮೊಳಕೆ ಬಂದು ಇಪ್ಪತ್ತು ದಿನ ಕಳೆದರೂ ಎರಡು ಬೆರಳು ಎತ್ತರಕ್ಕೆ ನಿಂತುಬಿಟ್ಟಿವೆ. ಕಾಂಡ ನೂಲಿನಷ್ಟು ಸಣ್ಣ, ಕೆಳಗಿನ ಎಲೆ ಹಳದಿ. ದಿನಕ್ಕೆ ಮೂರು ಸಲ ನೀರು ಹಾಕುತ್ತೇನೆ. ಕುಂಡ ದೊಡ್ಡದೇ ಇದೆ. ನೇರಳೆ ಬಣ್ಣದ ದೀಪ ಸೂರಿನ ಹತ್ತಿರ ಕಟ್ಟಿದ್ದೇವೆ. ಏಸಿ ಹದಿನೆಂಟರಲ್ಲಿ ಇರುತ್ತದೆ.

"ನಿನ್ನಕ್ಕ ಹಳೆಯಂಗಡಿಯಲ್ಲಿ ನರ್ಸರಿ ಇಟ್ಟವಳಲ್ಲವಾ? ಅವಳತ್ರ ಕೇಳು ಮಾರಾಯ" ಎಂದು ದೇಜಪ್ಪಣ್ಣನೇ ಹೇಳಿದರು. ಏನು ಮಾಡಬೇಕೆಂದು ವಿವರವಾಗಿ ಬರೆ. ಫೋನಿನಲ್ಲಿ ಈ ವಿಷಯ ಬೇಡ. ಹದಿನೈದು ದಿನಕ್ಕೊಮ್ಮೆ ಅವರ ಜನ ಊರಿಗೆ ಬರುತ್ತಾರೆ. ಪತ್ರ ತಂದುಕೊಟ್ಟವರ ಕೈಗೇ ಉತ್ತರವನ್ನೂ ಕೊಡು.

ಇಂತಿ,
ಶೈಲೇಶ್

*

ಹಳೆಯಂಗಡಿ
24 ನವೆಂಬರ್ 2023

ಶೈಲುವಿಗೆ ಅಕ್ಕನ ಆಶೀರ್ವಾದ.

ಎಂಟು ವರ್ಷದಿಂದ ಒಂದು ಅಕ್ಷರ ಬರೆಯದವನು ಈಗ ಬರೆದಿದ್ದಿ, ಅದೂ ಟೊಮೆಟೊ ವಿಷಯದಲ್ಲಿ! ನರ್ಸರಿಯಲ್ಲಿ ಒಂದು ಕುಂಡ ಎತ್ತಿಡು ಎಂದರೆ ಸೊಂಟ ನೋವು ಎಂದು ಓಡುತ್ತಿದ್ದವನು ನೀನೇ ತಾನೆ?

ಸರಿ, ಕೇಳು. ನಿನ್ನ ಗಿಡಗಳು ಹಸಿವಿನಿಂದ ಸಾಯುತ್ತಿಲ್ಲ, ಮುಳುಗಿ ಸಾಯುತ್ತಿವೆ. ದಿನಕ್ಕೆ ಮೂರು ಸಲ ನೀರು ಹಾಕಲು ಅದು ಭತ್ತವೇ? ಮಣ್ಣಿಗೆ ಬೆರಳು ಚುಚ್ಚಿ ನೋಡು. ಒಂದು ಗೆಣ್ಣಿನಷ್ಟು ಒಣಗಿದ ಮೇಲೆಯೇ ನೀರು. ಬೇರು ಇನ್ನೂ ಎಳೆಯದಾಗಿರುವಾಗ ದೊಡ್ಡ ಕುಂಡ ಬೇಡ, ಚಹಾ ಲೋಟದಷ್ಟು ಸಾಕು. ಏಸಿ ಗಾಳಿ ನೇರ ಬಡಿಯದ ಹಾಗೆ ತಿರುಗಿಸು, ಇಪ್ಪತ್ತೈದಕ್ಕೆ ಏರಿಸು. ಕಾಂಡ ನೂಲಾಗಿದೆ ಎಂದರೆ ದೀಪ ದೂರವಾಗಿದೆ. ಕೆಳಗೆ ಇಳಿಸು. ಗೊಬ್ಬರ ಸುರಿಯಬೇಡ. ಮಗು ಅತ್ತಾಗಲೆಲ್ಲ ಬಾಯಿಗೆ ಅನ್ನ ತುರುಕಲು ಆಗುತ್ತದೆಯೇ?

ಇನ್ನು ನನ್ನದೊಂದು ಪ್ರಶ್ನೆ. ಮನಾಮಾದ ಮಾರ್ಕೆಟಿನಲ್ಲಿ ಪೆಟ್ಟಿಗೆಗಟ್ಟಲೆ ಸಿಗುವ ಟೊಮೆಟೊವನ್ನು ವಿಲ್ಲಾದೊಳಗೆ ದೀಪ ಉರಿಸಿ ಬೆಳೆಸುವ ಹುಚ್ಚು ಯಾರಿಗೆ? ಫೋನಿನಲ್ಲಿ ಏಕೆ ಮಾತಾಡಬಾರದು? ಫೋಟೊ ಏಕಿಲ್ಲ? ನಿನ್ನ ಪತ್ರ ಬ್ಯಾಂಕಿನ ಅರ್ಜಿಯ ಹಾಗಿದೆ. ಪ್ರತಿ ಭಾನುವಾರ ಫೋನಿನಲ್ಲಿ ತೃಷಾಳನ್ನು ಅಳಿಸಿ ನಗಿಸುವವನು, ನಿನ್ನ ಸೋದರಸೊಸೆ ಬದುಕಿದ್ದಾಳೋ ಇಲ್ಲವೋ ಎಂದೂ ಕೇಳಿಲ್ಲ.

ಒಂದು ಎಲೆ ಕಿತ್ತು ಬೆರಳಲ್ಲಿ ಉಜ್ಜಿ ಮೂಸು. ಯಾವ ವಾಸನೆ ಎಂದು ಬರೆ. ಟೊಮೆಟೊ ಎಲೆಯ ವಾಸನೆ ನನಗೆ ನಿದ್ದೆಯಲ್ಲೂ ಗೊತ್ತು.

ನಿನ್ನ ಅಕ್ಕ
ಕಾಂತಾ

*

ಅದ್ಲಿಯಾ
9 ಡಿಸೆಂಬರ್ 2023

ಪ್ರೀತಿಯ ಕಾಂತಕ್ಕನಿಗೆ,

ನೀನು ಹೇಳಿದ ಹಾಗೆ ಮಾಡಿದೆ. ನೀರು ಕಡಿಮೆ ಮಾಡಿದೆ, ದೀಪ ಇಳಿಸಿದೆ, ಸಣ್ಣ ಲೋಟಗಳಿಗೆ ಬದಲಿಸಿದೆ. ಹತ್ತೇ ದಿನದಲ್ಲಿ ಹೊಸ ಎಲೆ ಬಂದಿದೆ, ಕಾಂಡ ದಪ್ಪವಾಗಿದೆ. ದೇಜಪ್ಪಣ್ಣ ಬಹಳ ಸಂತೋಷಪಟ್ಟರು. "ನಿನ್ನಕ್ಕ ಡಾಕ್ಟ್ರು ಮಾರಾಯ! ಇನ್ನು ಅವಳು ಹೇಳಿದ ಹಾಗೆಯೇ ಎಲ್ಲ ಮಾಡುವ" ಎಂದರು. ಇನ್ನೂ ಅರುವತ್ತು ಬೀಜ ಹಾಕಿಸಿದ್ದಾರೆ. ನನಗೆ ಇಲ್ಲೇ ಊಟ, ಇಲ್ಲೇ ನಿದ್ದೆ. ಹೊರಗೆ ಹೋಗುವ ಕಷ್ಟವೇ ಇಲ್ಲ. ಇಂಥ ಕೆಲಸ ಎಲ್ಲರಿಗೂ ಸಿಗುವುದಿಲ್ಲ.

ವಾಸನೆ ಕೇಳಿದ್ದಿ. ನಾವು ಚಿಕ್ಕವರಿದ್ದಾಗ ಹಂಚಿನ ಕಾರ್ಖಾನೆಯ ಹಿಂದೆ ಗೋಡೆ ಬದಿ ಬೆಳೆದಿತ್ತಲ್ಲ, ಅದೇ ಜಾತಿಯ ಟೊಮೆಟೊ. ಅದೇ ವಾಸನೆ.

ಮುಂದೆ ಏನು ಹಾಕಿದರೆ ಇನ್ನೂ ಬೇಗ ಬೆಳೆಯುತ್ತವೆ ಎಂದು ಬರೆಯಬೇಕಂತೆ.

ಇಂತಿ,
ಶೈಲೇಶ್

*

ಹಳೆಯಂಗಡಿ
31 ಡಿಸೆಂಬರ್ 2023

ಶೈಲು,

ಈ ಪತ್ರ ನಿನಗೆ ಕಳಿಸುವುದಿಲ್ಲ. ಕಂಡವರ ಕೈಯಲ್ಲಿ ಕಳಿಸುವ ವಿಷಯವಲ್ಲ ಇದು. ಆದರೆ ಎಲ್ಲಿಯಾದರೂ ಬರೆಯದಿದ್ದರೆ ನನ್ನ ಎದೆ ಒಡೆದುಹೋಗುತ್ತದೆ.

ಹಂಚಿನ ಕಾರ್ಖಾನೆಯ ಹಿಂದೆ ಬೆಳೆದಿದ್ದು ಗಾಂಜಾ. ಅದು ನನಗೂ ಗೊತ್ತು, ನಿನಗೂ ಗೊತ್ತು. ಪೊಲೀಸರು ಬುಡಸಮೇತ ಕಿತ್ತು ಜೀಪಿಗೆ ತುಂಬಿದ್ದನ್ನು ನಾವಿಬ್ಬರೂ ಗೋಡೆ ಹತ್ತಿ ನೋಡಿದ್ದೆವು. ಅದನ್ನು ಟೊಮೆಟೊ ಎಂದು ಬರೆದು ನನ್ನನ್ನು ನೋಡಿ ಕಣ್ಣು ಹೊಡೆಯುತ್ತೀಯಾ? ಅಕ್ಕನಿಗೂ ಗೊತ್ತಾಗಲಿ, ಅಕ್ಕನೂ ಸುಮ್ಮನಿರಲಿ, ಅಕ್ಕನೇ ಬೆಳೆಸಿಕೊಡಲಿ ಎಂದೇ? ಇಂಥ ಕೆಲಸ ಎಲ್ಲರಿಗೂ ಸಿಗುವುದಿಲ್ಲ ಎಂದು ಜಂಬ ಬೇರೆ. ಆ ದೇಶದಲ್ಲಿ ಸಿಕ್ಕಿಬಿದ್ದರೆ ಜೀವಮಾನವೆಲ್ಲ ಜೈಲು. ಇದು ತಿಳಿಯದಷ್ಟು ದಡ್ಡ ನೀನಲ್ಲ. ಹಾಗಾದರೆ ತಿಳಿದೇ ಮಾಡುತ್ತಿದ್ದಿ.

ಅದಕ್ಕಿಂತ ಹೊಟ್ಟೆ ಉರಿಯುವ ಮಾತು ಬೇರೆ ಉಂಟು. ಆ ಗಿಡಗಳನ್ನು ಬದುಕಿಸಿದ್ದು ನಾನು.

ಮೊನ್ನೆ ಕ್ರಿಸ್ಮಸ್ಸಿಗೆ ಸ್ಯಾವಿಯೊ ಊರಿಗೆ ಬಂದ. ಅವನ ತಾಯಿ ಗರ್ಟ್ರೂಡ್ ಬಾಯಿ ಕ್ರಿಸ್ಮಸ್ ತಿಂಡಿ ಕುಸ್ವಾರಿನ ತಟ್ಟೆ ಜೊತೆ ಒಂದು ಹಾಲಿನ ಪುಡಿ ಡಬ್ಬ ತಂದುಕೊಟ್ಟರು, ನೀನು ಕಳಿಸಿದ್ದಂತೆ. "ಇದನ್ನು ಕಾಂತನೇ ಬಿಚ್ಚಬೇಕಂತೆ, ಬೇರೆ ಯಾರ ಕೈಗೂ ಕೊಡ್ಲಿಕ್ಕಿಲ್ಲಂತೆ. ಎಂತದಾ ನನಗೆ ಗೊತ್ತಿಲ್ಲಪ್ಪ" ಎಂದರು. ಡಬ್ಬದ ಮುಚ್ಚಳದ ಸುತ್ತ ಟೇಪು ಸುತ್ತಿತ್ತು. ಗಲ್ಫಿನಿಂದ ಡಬ್ಬ ಹೊತ್ತು ಬಂದು, ಒಳಗೇನಿತ್ತೆಂದು ತಿಳಿಯದೆಯೇ ಜೈಲಿಗೆ ಹೋದವರ ಸುದ್ದಿ ಎಷ್ಟು ಕೇಳಿಲ್ಲ? ಆ ಬಡಪಾಯಿ ಸ್ಯಾವಿಯೊನ ಕೈಯಲ್ಲಿ ಹೊರಿಸಲು ನಿನಗೆ ಹೇಗೆ ಮನಸ್ಸು ಬಂತು?

ತೃಷಾ ಚಮಚ ಹಿಡಿದು ಹಿಂದೆಮುಂದೆ ಸುತ್ತಿದಳು. ನಾನು ಡಬ್ಬ ಬಿಚ್ಚಲೇ ಇಲ್ಲ. ಗೊಬ್ಬರದ ಗುಂಡಿಯಲ್ಲಿ ಮೊಣಕಾಲುದ್ದ ಅಗೆದು ಹೂತುಹಾಕಿದೆ. ಹುಡುಗಿ ಎರಡು ದಿನ ಅತ್ತಿತು.

ನಾನು ಈ ಕೈಯಿಂದ ಒಂದು ಸಸಿಯನ್ನೂ ಬೇಕೆಂದು ಕೊಂದವಳಲ್ಲ. ಈಗ ಕೊಲ್ಲುತ್ತೇನೆ. ಅಪ್ಪ ಒಂದು ವರ್ಷ ತೆಂಗಿನ ನಾರಿನ ಪುಡಿ ತಂದು ಮೆಣಸಿನ ಸಸಿಗೆ ಹಾಕಿದ್ದರಲ್ಲ, ಪಾವಂಜೆಯ ಉಪ್ಪು ನೀರಿನ ಹೊಳೆಯಲ್ಲಿ ಕೊಳೆಹಾಕಿದ ಸಿಪ್ಪೆಯದ್ದು, ತೊಳೆಯದೆ? ಒಂದೇ ವಾರದಲ್ಲಿ ನಾನ್ನೂರು ಸಸಿ ಸುಟ್ಟುಹೋದವು. ಅಪ್ಪ ಅಂಗಳದಲ್ಲಿ ಕೂತು ಅತ್ತರು. ಆ ದಿನದಿಂದ ಮೂರು ನೀರಿನಲ್ಲಿ ತೊಳೆಯದ ಪುಡಿ ನಮ್ಮ ನರ್ಸರಿಯೊಳಗೆ ಬಂದಿಲ್ಲ. ನಾಳೆ ಅದೇ ಹೊಳೆಯ ಪುಡಿ ಒಂದು ಮೂಟೆ ಕಟ್ಟಿಸುತ್ತೇನೆ.

ನಿನಗೆ ನೆನಪಾಗದೇ ಇರದು. ನೆನಪಾಗಿಯೂ ತೊಳೆದು ಹಾಕಿದೆಯಾದರೆ ನನಗೆ ತಮ್ಮನಿಲ್ಲ.

*

ಹಳೆಯಂಗಡಿ
4 ಜನವರಿ 2024

ಶೈಲೇಶನಿಗೆ,

ಪತ್ರ ತಲುಪಿತು. ಹಂಚಿನ ಕಾರ್ಖಾನೆಯ ಹಿಂದಿನ ಟೊಮೆಟೊ ನನಗೆ ಚೆನ್ನಾಗಿ ನೆನಪಿದೆ. ಜೀಪು ತುಂಬಾ ಒಯ್ದಿದ್ದರು.

ಆ ಜಾತಿಗೆ ಬೇಕಾದದ್ದು ತೆಂಗಿನ ನಾರಿನ ಪುಡಿ. ಇದರೊಂದಿಗೆ ಒಂದು ಮೂಟೆ ಕಳಿಸಿದ್ದೇನೆ. ಪಾವಂಜೆ ಹೊಳೆಯದ್ದು, ಅಪ್ಪ ಮೆಣಸಿನ ಸಸಿಗೆ ಹಾಕಿದ್ದೂ ಇದೇ. ನೀನು ಆಗ ಆರನೇ ಕ್ಲಾಸಿನಲ್ಲಿದ್ದೆ. ನಾನ್ನೂರು ಸಸಿ, ಎಂಟು ದಿನದಲ್ಲಿ ಹೇಗಾದವು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಪ್ರತಿ ಕುಂಡದ ಹಳೆ ಮಣ್ಣು ಉದುರಿಸಿ, ಬೇರಿಗೆ ತಾಗುವ ಹಾಗೆ ಪುಡಿ ತುಂಬಿಸು. ತೊಳೆಯಬೇಡ. ತೊಳೆದರೆ ಅದರ ಗುಣ ಹೋಗುತ್ತದೆ. ಒಂದು ಗಿಡವನ್ನೂ ಬಿಡಬೇಡ.

ಇನ್ನು ಗಿಡದ ವಿಷಯದಲ್ಲಿ ನನಗೆ ಹೇಳಲು ಏನೂ ಉಳಿದಿಲ್ಲ.

ಕಾಂತಾ

*

ಅದ್ಲಿಯಾ
19 ಜನವರಿ 2024

ಪ್ರೀತಿಯ ಕಾಂತಕ್ಕನಿಗೆ,

ಮೂಟೆ ತಲುಪಿತು. ದೇಜಪ್ಪಣ್ಣನ ಜನವೇ ವಿಮಾನ ನಿಲ್ದಾಣದಿಂದ ಹೊತ್ತು ತಂದರು. ನೀನು ಬರೆದ ಹಾಗೆಯೇ ತೊಳೆಯದೆ ಎಲ್ಲ ಕುಂಡಗಳಿಗೂ ತುಂಬಿಸಿದ್ದೇನೆ. ಒಂದನ್ನೂ ಬಿಟ್ಟಿಲ್ಲ.

ಅಪ್ಪನ ಮೆಣಸಿನ ಸಸಿ ನೆನಪಾಯಿತು. ಆ ಸಸಿಗಳ ಹಾಗೆಯೇ ಇವೂ ಆಗುತ್ತವೆ ಎಂದು ದೇಜಪ್ಪಣ್ಣನಿಗೆ ಧೈರ್ಯ ಹೇಳಿದ್ದೇನೆ.

ತೃಷಾ ಈಗ ಹಾಲು ಕುಡಿಯುತ್ತಾಳಾ?

ಇಂತಿ,
ಶೈಲೇಶ್

*

ಹೂರಾ, ಮನಾಮಾ
11 ಫೆಬ್ರವರಿ 2024

ನನ್ನ ಪ್ರೀತಿಯ ಅಕ್ಕಾ,

ಸ್ಯಾವಿಯೊನ ರೂಮಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಮೂರು ತಿಂಗಳ ನಂತರ ಯಾರಾದರೂ ಹೆಗಲ ಮೇಲಿಂದ ಇಣುಕುತ್ತಾರೆಂಬ ಹೆದರಿಕೆಯಿಲ್ಲದೆ ಬರೆಯುತ್ತಿರುವ ಮೊದಲ ಪತ್ರ ಇದು. ಇಂದಿನ ವಿಮಾನಕ್ಕೆ ಹೋಗುವ ಸ್ಯಾವಿಯೊನ ಗೆಳೆಯ ಇದನ್ನು ತಂದುಕೊಡುತ್ತಾನೆ. ಈಗ ಫೋನು ಕೈಗೆ ಬಂದಿದೆ. ಆದರೂ ಇಷ್ಟನ್ನು ಫೋನಿನಲ್ಲಿ ಹೇಳಲು ಹೋದರೆ ನಾನು ಅತ್ತುಬಿಡುತ್ತೇನೆ.

ಅಕ್ಕಾ, ಎಲ್ಲ ಸತ್ತವು! ನೀನು ಕಳಿಸಿದ ಪುಡಿ ಹಾಕಿದ ನಾಲ್ಕನೇ ದಿನಕ್ಕೆ ಎಲೆಯ ಅಂಚು ಕಂದಾಗಿ ಸುರುಟಿತು. ಹತ್ತನೇ ದಿನಕ್ಕೆ ಒಂದೂ ಉಳಿಯಲಿಲ್ಲ. ದೇಜಪ್ಪ ಬಂದು ಒಂದು ಹಿಡಿ ಪುಡಿ ಎತ್ತಿ ಮೂಸಿದ. ನಾಲಿಗೆಗೆ ಒಂದು ಚೂರು ಹಚ್ಚಿದ್ದರೂ ಉಪ್ಪು ಗೊತ್ತಾಗುತ್ತಿತ್ತು. ಹಚ್ಚಲಿಲ್ಲ. ತನ್ನ ಜನರೇ ಹೊತ್ತು ತಂದ ಮೂಟೆ, ತಾನೇ ಓದಿ ಒಪ್ಪಿದ ಪತ್ರ. ಯಾರನ್ನು ಬೈಯುವುದು? "ಇಲ್ಲಿಯ ನೀರೇ ಸರಿ ಇಲ್ಲ. ನಿನ್ನಕ್ಕ ಪಾಪ ಎಂತ ಮಾಡ್ಲಿಕ್ಕುಂಟು" ಎಂದ. ಜೀಪು ತುಂಬಾ ಒಯ್ದಿದ್ದರು ಎಂಬ ಸಾಲನ್ನು ಓದಿ "ಅಷ್ಟು ಫಸಲಾ?" ಎಂದು ಬಾಯಿ ಚಪ್ಪರಿಸಿದ್ದ ಮನುಷ್ಯ ಅವನು.

ಎರಡು ದಿನದಲ್ಲಿ ದೀಪ, ಕುಂಡ ಎಲ್ಲ ಕಿತ್ತು ಸಾಗಿಸಿದ, ವಿಲ್ಲಾ ಖಾಲಿ ಮಾಡಿದ. ನಾನು ಇಲ್ಲೇ ಉಳಿದರೆ ಬಾಯಿ ಬಿಟ್ಟೇನೆಂದು ಅವನಿಗೆ ಸಂಶಯ. ಹಾಗಾಗಿ ಪಾಸ್‌ಪೋರ್ಟ್ ಕೈಗಿತ್ತು ಮಂಗಳೂರಿಗೆ ಟಿಕೆಟ್ಟನ್ನೂ ಮಾಡಿಸಿದ. ಹದಿನೆಂಟನೇ ತಾರೀಕು ಬೆಳಿಗ್ಗೆ ಬಂದಿಳಿಯುತ್ತೇನೆ.

ಮೊದಲ ಪತ್ರದಲ್ಲಿ ತೃಷಾಳ ಹೆಸರೆತ್ತಲಿಲ್ಲ ಎಂದು ಬೈದಿದ್ದಿ. ಅವನ ಕಣ್ಣೆದುರು ಆ ಮಗುವಿನ ಹೆಸರು ಬರೆಯಲು ನನಗೆ ಮನಸ್ಸಾಗಲಿಲ್ಲ. ಆಮೇಲೆ ಡಬ್ಬ ತಲುಪಿತೋ ಎಂದು ತಿಳಿಯಲೇಬೇಕಿತ್ತು, ಅದಕ್ಕೆ ಹಾಲಿನ ಮಾತೆತ್ತಿದೆ.

ಡಬ್ಬದೊಳಗಿಟ್ಟ ಚೀಟಿಯಲ್ಲಿ ನಾನು ಬೇಡಿಕೊಂಡದ್ದನ್ನು ನೀನು ಎಷ್ಟು ಚೆನ್ನಾಗಿ ನಡೆಸಿಕೊಟ್ಟೆ ಅಕ್ಕಾ! ಅವನಿಗೆ ಉಪಚಾರ ಎನಿಸಬೇಕು, ನನಗೆ ಮಾತ್ರ ಅರ್ಥವಾಗಬೇಕು, ಗಿಡ ಸಾಯಬೇಕು. ಅಪ್ಪನ ಮೆಣಸಿನ ಸಸಿ ಎಂದು ಓದಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ಕಾಗದವನ್ನು ಅಷ್ಟು ತಣ್ಣಗೆ ಬರೆದೆ, ಆಶೀರ್ವಾದವನ್ನೂ ಹಾಕಲಿಲ್ಲ. ಅವನಿಗೆ ಸಂಶಯ ಬಾರದಿರಲಿ ಎಂದೇ ಹಾಗೆ ಬರೆದೆ ಎಂದು ತಿಳಿದುಕೊಂಡೆ. ಆಮೇಲೆ ನೀನು ಬರೆಯಲೇ ಇಲ್ಲ. ಅದೂ ಜಾಣತನವೇ. ಆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಬಿದ್ದಿರುವಾಗ ನನಗಿದ್ದದ್ದು ಒಂದೇ ಧೈರ್ಯ: ಹೊರಗೆ ಒಬ್ಬಳಿಗೆ ಎಲ್ಲ ಗೊತ್ತು, ಅವಳು ನನ್ನನ್ನು ನಂಬುತ್ತಾಳೆ.

ನಿನ್ನ ಶೈಲು

*

ಹಳೆಯಂಗಡಿ
17 ಫೆಬ್ರವರಿ 2024

ಶೈಲು, ನನ್ನ ಮಗುವೇ,

ಈ ಪತ್ರವನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ. ನಾಳೆ ವಿಮಾನ ನಿಲ್ದಾಣದಲ್ಲಿ ನಾನೇ ನಿನ್ನ ಕೈಗೆ ಕೊಡುತ್ತೇನೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ರಿಕ್ಷಾ ಹತ್ತುವ ಮೊದಲು ಅಲ್ಲೇ ನಿಂತು ಓದು.

ನಾನು ಆ ಡಬ್ಬವನ್ನು ಬಿಚ್ಚಿರಲಿಲ್ಲ.

ನಿನ್ನ ಪತ್ರ ಬಂದ ಸಂಜೆ ಗುದ್ದಲಿ ಹಿಡಿದು ಗೊಬ್ಬರದ ಗುಂಡಿಗೆ ಹೋದೆ. ತೃಷಾ ಹಿಂದೆ ಬಂದು "ಅಮ್ಮ, ಈಗ ಎಂತಕ್ಕೆ ತೆಗೆಯುದು? ಅದರಲ್ಲಿ ಹುಳ ಉಂಟು ಅಂತ ನೀನೇ ಹೇಳಿದ್ದಲ್ಲ?" ಎಂದು ಕೇಳಿದಳು. ನಾನು ಅಗೆಯುತ್ತಲೇ ಇದ್ದೆ. ಡಬ್ಬದ ಹೊರಗೆ ತುಕ್ಕು ಹಿಡಿದಿತ್ತು. ಒಳಗೆ ಪುಡಿ ಹಾಗೆಯೇ ಇತ್ತು. ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ನಿನ್ನ ಕಾಗದ. ಡಿಸೆಂಬರ್ ಹದಿನೆಂಟು ಎಂದು ತಾರೀಕು. ಈಗ ಅದು ನನಗೆ ಬಾಯಿಪಾಠವಾಗಿದೆ. ನೀನು ಬರೆದದ್ದನ್ನು ನಿನಗೇ ತೋರಿಸುತ್ತೇನೆ, ನಾನು ಏನನ್ನು ಮಣ್ಣಿಗೆ ಹಾಕಿದ್ದೆ ಎಂದು ನಿನಗೆ ಗೊತ್ತಾಗಬೇಕು:

"ಅಕ್ಕಾ, ಇದು ಟೊಮೆಟೊ ಅಲ್ಲ. ಮೊದಲು ನನಗೂ ತಿಳಿದಿರಲಿಲ್ಲ. ತಿಳಿದ ದಿನವೇ ಆಗುವುದಿಲ್ಲ ಎಂದೆ. ಪಾಸ್‌ಪೋರ್ಟ್, ಫೋನು, ಇಲ್ಲಿಯ ಗುರುತಿನ ಚೀಟಿ ಎಲ್ಲ ದೇಜಪ್ಪ ಇಟ್ಟುಕೊಂಡಿದ್ದಾನೆ. 'ವಿಲ್ಲಾದ ಕರೆಂಟು ಬಿಲ್ಲು ನಿನ್ನ ಹೆಸರಲ್ಲೇ ಉಂಟು. ಪೊಲೀಸು ಬಂದರೆ ಯಾರನ್ನು ಹಿಡಿಯುತ್ತಾರೆ, ಯೋಚನೆ ಮಾಡು' ಎಂದ. ಭಾನುವಾರದ ಫೋನೂ ಅವನ ಎದುರೇ, ಎರಡು ನಿಮಿಷ. ನಮ್ಮಿಬ್ಬರ ಪತ್ರಗಳನ್ನೂ ಮೊದಲು ಅವನೇ ಓದುತ್ತಾನೆ. ಅದಕ್ಕೇ ಹಂಚಿನ ಕಾರ್ಖಾನೆ ಎಂದು ಬರೆದೆ, ನಿನಗೆ ಅರ್ಥವಾಗುತ್ತದೆ ಎಂದು ಗೊತ್ತಿತ್ತು. ನಾನೇ ಗಿಡ ಕೊಂದರೆ ಅವನಿಗೆ ತಿಳಿಯುತ್ತದೆ. ಆದರೆ ನಿನ್ನ ಮಾತನ್ನು ಅವನು ವೇದವಾಕ್ಯದ ಹಾಗೆ ನಂಬುತ್ತಾನೆ. ಅವು ಸಾಯುವಂಥದ್ದು ಏನಾದರೂ ಬರೆ. ಈ ಮನೆಗೆ ಊಟ ತಂದುಕೊಡುವ ಸ್ಯಾವಿಯೊನ ಕೈಯಲ್ಲಿ ಈ ಚೀಟಿ ಕಳಿಸುತ್ತಿದ್ದೇನೆ, ಅವನಿಗೆ ವಿಷಯ ಹೇಳಿಲ್ಲ. ನೀನೊಬ್ಬಳೇ ಗತಿ."

ಇದು ಗುಂಡಿಯಲ್ಲಿ ಬಿದ್ದಿತ್ತು ಶೈಲು. ಮೇಲಿನಿಂದ ನಾನು ದಿನಾ ಸಗಣಿ ಸುರಿಯುತ್ತಿದ್ದೆ.

ಪುಡಿ ಕಳಿಸಿದ್ದು ನಿನ್ನನ್ನು ಬಿಡಿಸಲು ಅಲ್ಲ. ನೀನು ಗಾಂಜಾ ಬೆಳೆಸಿ ದುಡ್ಡು ಮಾಡುತ್ತಿದ್ದಿ ಎಂದು ನಂಬಿ, ನಿನ್ನ ಬೆಳೆ ಸುಡಲಿ ಎಂದು ಸಿಟ್ಟಿನಿಂದ ಕಳಿಸಿದ್ದು. ಆಶೀರ್ವಾದ ಹಾಕದ್ದು ಜಾಣತನವಲ್ಲ. ಹಾಕಲು ಮನಸ್ಸು ಬರಲಿಲ್ಲ. ಆಮೇಲೆ ಬರೆಯದ್ದೂ ಅಷ್ಟೇ. ನೀನು ಪುಡಿ ತೊಳೆಯದೆ ಹಾಕಿದೆ ಎಂದು ಬರೆದಾಗಲೂ ನಾನು ನಂಬಲಿಲ್ಲ, ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ. ನನ್ನನ್ನು ನಂಬಿದ್ದರಿಂದ ನೀನು ಅಲ್ಲಿ ಉಸಿರು ಹಿಡಿದುಕೊಂಡಿದ್ದೆ. ನಾನು ನಿನ್ನನ್ನು ನಂಬದೆ ಹೋದದ್ದರಿಂದ ಗಿಡಗಳು ಸತ್ತವು. ಕೆಲಸ ಒಂದೇ ಆಯಿತಲ್ಲ ಎಂದು ನೀನು ನಗಬಹುದು. ನನಗೆ ಆ ಸಮಾಧಾನ ಬೇಡ. ನಾನು ಇನ್ನಷ್ಟು ಸಿಟ್ಟು ಮಾಡಿಕೊಂಡು ಪತ್ರವನ್ನೇ ಬರೆಯದಿದ್ದರೆ ನೀನು ಇನ್ನೂ ಅಲ್ಲಿರುತ್ತಿದ್ದೆ.

ಡಿಸೆಂಬರ್ ಮೂವತ್ತೊಂದಕ್ಕೆ ಬರೆದು ಕಳಿಸದೆ ಇಟ್ಟಿದ್ದ ಪತ್ರವನ್ನೂ ಇದರೊಂದಿಗೆ ಮಡಚಿಟ್ಟಿದ್ದೇನೆ. ಅದರ ಕೊನೆಯ ಸಾಲನ್ನು ಹೊಡೆದುಹಾಕಲು ಪೆನ್ನು ಎತ್ತಿದೆ, ಆಮೇಲೆ ಬೇಡವೆನಿಸಿತು. ಅದನ್ನೂ ಓದು.

ಓದಿ ಮುಗಿಸುವವರೆಗೆ ನಾನು ಹೊರಗಿನ ಕಂಬದ ಹತ್ತಿರ ನಿಂತಿರುತ್ತೇನೆ. ಮನೆಗೆ ಬರಲು ಮನಸ್ಸಾಗದಿದ್ದರೆ ಗರ್ಟ್ರೂಡ್ ಬಾಯಿಯ ಮನೆಯಲ್ಲಿ ನಿನಗೆ ಹಾಸಿಗೆ ಹಾಕಿಸಿದ್ದೇನೆ. ಬರುವುದಾದರೆ, ಹಾಲಿನ ಪುಡಿಯ ಡಬ್ಬವನ್ನು ಹೊರಗಿನಿಂದ ತೊಳೆದು ಒರೆಸಿ, ಮತ್ತೆ ಮುಚ್ಚಳ ಬಿಗಿದು ಅಡುಗೆಮನೆಯ ಮೇಲಿನ ಹಲಗೆಯಲ್ಲಿಟ್ಟಿದ್ದೇನೆ. ತೃಷಾ ಚಮಚ ಹಿಡಿದು ಕಾಯುತ್ತಿದ್ದಾಳೆ. ಅವಳಿಗೆ ಅದನ್ನು ನೀನೇ ಬಿಚ್ಚಿ ಕೊಡು.

ನಿನ್ನ ಅಕ್ಕ